ಹಾಡಿನ ಜೊತೆ ಹಾಡಿದವರ ಹೆಸರೂ ಉಳಿಯಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂದುಕೊಂಡಿರಬಹುದು. ನಾನು ಒಂದು ಹಾಡಿನ ಬಗ್ಗೆ ಮಾತಾಡುತ್ತೇನೆ. ಕಂಪ್ಯೂಟರ್ ನಡುವೆ ತಾನಾಗಿಯೇ ಬರುತ್ತದೆ.

'ಸೋಜುಗಾದ ಸೂಜುಮಲ್ಲಿಗೆ' ಗೊತ್ತಿಲ್ಲದವರು ಈ ಸಭೆಯಲ್ಲಿ ಯಾರೂ ಇರಲಾರರು. ಮಕ್ಕಳನ್ನು ಕೇಳಿದರೆ ಅದು 'ಗರುಡ ಗಮನ ವೃಷಭ ವಾಹನ' ಸಿನಿಮಾದ ಹಾಡು ಅನ್ನುತ್ತಾರೆ. 2021ರ ಆ ಸಿನಿಮಾಕ್ಕೆ ಮಿಧುನ್ ಮುಕುಂದನ್ ಸಂಗೀತದಲ್ಲಿ ಚೈತ್ರಾ ಆಚಾರ್ ಹಾಡಿದರು. ಕೊಯಮತ್ತೂರಿನ ಈಶ ಯೋಗ ಕೇಂದ್ರದ ಶಿವರಾತ್ರಿ ವೇದಿಕೆಯಲ್ಲಿ ಮೈಸೂರಿನ ಅನನ್ಯಾ ಭಟ್ ಹಾಡಿದ್ದನ್ನು ಕನ್ನಡ ಬಾರದವರೂ ಕೇಳಿ ತಲೆದೂಗಿದರು. ಆಮೇಲೆ ಗಿಟಾರ್, ಕೊಳಲು, ಕೀಬೋರ್ಡ್ ಹಿಡಿದು ಹಾಡಿದವರಿಗೆ ಲೆಕ್ಕವಿಲ್ಲ.

ನಮ್ಮ ಹಿರಿಯರಿಗೆ ಅದು ಮಾದಪ್ಪನ ಪದ. ಮಲೆ ಮಹದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆ, ದಮ್ಮಡಿ, ಏಕತಾರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂದು ಕಥೆ ಸಾಲುಸಾಲಾಗಿ ಬೆಳೆಯುತ್ತದೆ. ಆ ಭಕ್ತಿಯ ಲೋಕದಿಂದ ಬಂದ ಪದ ಈಗ ಐದಾರು ನಿಮಿಷದಲ್ಲಿ ಮುಗಿಯುತ್ತದೆ.

ಹಾಗಂತ ಹೊಸದಾಗಿ ಹಾಡಿದವರನ್ನು ನಾನು ದೂರುವುದಿಲ್ಲ. ಕಂಸಾಳೆಯವರೂ ಒಂದು ಪದವನ್ನು ಎರಡು ಸಲ ಒಂದೇ ತರ ಹಾಡುವವರಲ್ಲ. ಕೇಳುವವರ ಮುಖ ನೋಡಿ ಎಳೆಯುತ್ತಾರೆ, ಮೊಟಕು ಮಾಡುತ್ತಾರೆ. ಬದಲಾಗುವುದೇ ಜಾನಪದದ ಉಸಿರು. ಸಿನಿಮಾ ಬರದಿದ್ದರೆ ಎಷ್ಟೋ ಮಕ್ಕಳ ಬಾಯಿಗೆ ಈ ಪದ ಬರುತ್ತಿರಲಿಲ್ಲ.

ನನ್ನ ಚಿಂತೆ ಬೇರೆ. ಊರಿನಲ್ಲಿ ಪದ ಹಾಡಿದರೆ, ಇವರು ಯಾರ ಶಿಷ್ಯರು, ಯಾರಿಂದ ಕಲಿತರು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅಂತರ್ಜಾಲದಲ್ಲಿ ಹಾಗಲ್ಲ. ಇಲ್ಲಿ ನನ್ನ ಕಸುಬಿನ ಮಾತು ಬರುತ್ತದೆ. ಹಾಡುಗಳನ್ನು ಗುರುತಿಸುವ ತಂತ್ರಾಂಶ ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಅದರಲ್ಲಿ ಎದ್ದು ಕಾಣುವ ಸ್ವರಗಳಿಂದ ಹೆಬ್ಬೆಟ್ಟಿನ ಗುರುತಿನಂತಹ ಒಂದು ಗುರುತು ಮಾಡಿಕೊಳ್ಳುತ್ತದೆ. ತನ್ನ ಖಾತೆಯಲ್ಲಿರುವ ಗುರುತಿಗೆ ತಾಳೆ ನೋಡಿ, ಅಲ್ಲಿ ಬರೆದಿರುವ ಹೆಸರನ್ನು ಹೇಳುತ್ತದೆ. ಖಾತೆಯಲ್ಲಿ ಇಲ್ಲದವರು ಅದರ ಪಾಲಿಗೆ ಹುಟ್ಟೇ ಇಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. ತಲೆಮಾರುಗಳಿಂದ ಬಂದ ಪದಕ್ಕೆ ಯಾರೂ ಒಡೆಯರಲ್ಲ. ಆದರೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣಕ್ಕೆ ಒಡೆಯರಿದ್ದಾರೆ. ಪ್ರಕಟವಾದ ಮೇಲೆ 60 ವರ್ಷ ಆ ಹಕ್ಕು ನಡೆಯುತ್ತದೆ. ಅಂದರೆ ಪದ ಎಲ್ಲರದ್ದು, ಮುದ್ರಣ ಮಾಡಿಸಿದವರದ್ದು. ಜೀವನವಿಡೀ ಹಾಡಿದರೂ ಮುದ್ರಣವೇ ಆಗದ ನಮ್ಮ ಅಜ್ಜಂದಿರಿಗೆ ಹಣವೂ ಇಲ್ಲ, ಹೆಸರೂ ಇಲ್ಲ.

ಹಣದ ಮಾತು ದೊಡ್ಡದು, ಅದು ಇವತ್ತೇ ಬಗೆಹರಿಯುವುದಿಲ್ಲ. ಹೆಸರಿನ ಕೆಲಸ ಮಾತ್ರ ನಮ್ಮ ಕೈಯಲ್ಲೇ ಇದೆ. ಐವತ್ತು ವರ್ಷ ತುಂಬಿದ ಈ ಶಾಲೆಯ ಮಕ್ಕಳು ವರ್ಷಕ್ಕೆ ಹತ್ತು ಜನ ಹಿರಿಯರ ಪದಗಳನ್ನು, ಅವರ ಒಪ್ಪಿಗೆ ಪಡೆದು, ಮೊಬೈಲ್‌ನಲ್ಲಿ ಮುದ್ರಿಸಲಿ. ಹಾಡಿದವರ ಹೆಸರು, ಊರು, ಅವರಿಗೆ ಕಲಿಸಿದವರ ಹೆಸರು, ದಿನಾಂಕ ಇವಿಷ್ಟನ್ನೂ ಒಂದು ಪುಸ್ತಕದಲ್ಲಿ ಬರೆಯಲಿ. ಒಂದು ಪ್ರತಿ ಶಾಲೆಯಲ್ಲಿರಲಿ, ಇನ್ನೊಂದು ಹಾಡಿದವರ ಮನೆಯಲ್ಲಿರಲಿ. ಮುದ್ರಿಸುವ ಸಾಮಾನು ಕೊಡಿಸುವ, ಮಕ್ಕಳಿಗೆ ಹೇಳಿಕೊಡುವ ಜವಾಬ್ದಾರಿ ನನ್ನದು. ಮೇಷ್ಟ್ರುಗಳು ಒಪ್ಪಿದರೆ ಈ ಶಿವರಾತ್ರಿಯಿಂದಲೇ ಶುರು ಮಾಡೋಣ.

ಇನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಇಂತಹ ಪದ ಹಾಡುವಾಗ ನಿರೂಪಣೆ ಮಾಡುವ ಮಗು ಸಿನಿಮಾದ ಹೆಸರಿಗಿಂತ ಮೊದಲು 'ಇದು ಮಾದಪ್ಪನ ಪದ, ನಮ್ಮೂರಿನ ಇಂಥವರಿಂದ ಕಲಿತದ್ದು' ಎಂದು ಹೇಳಲಿ. ಅಷ್ಟಾದರೆ ಹಾಡಿಗೆ ನಾವು ಮಾಡಬೇಕಾದ ಮರ್ಯಾದೆ ಮಾಡಿದ ಹಾಗೆ.