ಸಂದರ್ಶನದ ಕೋಣೆಯಲ್ಲಿ ಉಡುಪಿನ ಮಾತು

(ಪದವಿ ಮುಗಿಸಿ ಉದ್ಯೋಗ ಅರಸುತ್ತಿರುವ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಮನೆಯ ಹಿರಿಯರ ಬಾಯಲ್ಲಿ ಕೇಳದವರು ಇಲ್ಲಿ ಯಾರೂ ಇರಲಾರರು. ಮದುವೆಗೆ ಹೊರಡುವಾಗ ಹೇಳುವ ಈ ಮಾತು ಉದ್ಯೋಗದ ಸಂದರ್ಶನಕ್ಕೆ ಹೊರಟವರ ಪಾಲಿಗೆ ಇನ್ನಷ್ಟು ನಿಜ. ಆದರೆ ಗಾದೆ ಒಂದು ಪ್ರಶ್ನೆಯನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಆ ‘ಪರರು’ ಯಾರು? ಅವರ ಇಚ್ಛೆ ಎಲ್ಲಿಂದ ಬಂತು? ಮೇಜಿನ ಆಚೆ ಕುಳಿತ ಮೂರು ನಾಲ್ಕು ಮಂದಿಗೆ ಇಸ್ತ್ರಿ ಮಾಡಿದ ಅಂಗಿ, ಪ್ಯಾಂಟು ಶಿಸ್ತಾಗಿ ಕಾಣುವುದೇಕೆ, ಅಷ್ಟೇ ಶುಭ್ರವಾದ ಪಂಚೆ ಹಾಗೆ ಕಾಣದಿರುವುದೇಕೆ?

ಇದಕ್ಕೆ ಉತ್ತರ ಹುಡುಕಲು ಗಾಂಧೀಜಿಯವರ ಯೌವನದ ದಿನಗಳು ಬಹಳ ಉಪಯುಕ್ತ. ತುಂಡು ಬಟ್ಟೆಯ ಗಾಂಧಿ ಎಲ್ಲರಿಗೂ ಗೊತ್ತು. ಕನ್ನಡಿಯ ಮುಂದೆ ಟೈ ಸರಿಪಡಿಸಿಕೊಳ್ಳುತ್ತಿದ್ದ ಗಾಂಧಿಯನ್ನು ನೆನೆಯುವವರು ಕಡಿಮೆ. 1888ರಲ್ಲಿ ಕಾನೂನು ಓದಲು ಇಂಗ್ಲೆಂಡಿಗೆ ಹೋದಾಗ ಹಡಗಿನಿಂದ ಇಳಿಯುವ ದಿನಕ್ಕೆಂದೇ ಅವರು ಬಿಳಿ ಫ್ಲಾನೆಲ್ ಸೂಟನ್ನು ತೆಗೆದಿರಿಸಿಕೊಂಡಿದ್ದರು. ಅದು ಸೆಪ್ಟೆಂಬರ್ ತಿಂಗಳ ಕೊನೆ. ಇಳಿದು ನೋಡಿದರೆ ಬಿಳಿ ಬಟ್ಟೆ ತೊಟ್ಟವರು ಅವರೊಬ್ಬರೇ! ಬಟ್ಟೆ ಒಳ್ಳೆಯದೇ ಇತ್ತು, ಋತು ತಪ್ಪಿತ್ತು. ಆ ನಾಚಿಕೆಯನ್ನು ಅವರು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ.

ಆಮೇಲೆ ಅವರು ‘ಸಭ್ಯ ಆಂಗ್ಲ’ರಾಗಲು ಟೊಂಕ ಕಟ್ಟಿದರು. ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟು ಹೊಲಿಸಿದರು. ಹತ್ತೊಂಬತ್ತು ಶಿಲಿಂಗಿನ ಎತ್ತರದ ಟೊಪ್ಪಿಗೆ ಬಂತು. ಊರಿನಲ್ಲಿದ್ದ ಅಣ್ಣನಿಂದ ಗಡಿಯಾರಕ್ಕೆ ಎರಡೆಳೆಯ ಚಿನ್ನದ ಸರಪಳಿ ತರಿಸಿಕೊಂಡರು. ಟೈ ಕಟ್ಟಲು, ಬೈತಲೆ ತೆಗೆಯಲು ದಿನಕ್ಕೆ ಹತ್ತು ನಿಮಿಷ ಕನ್ನಡಿಯ ಮುಂದೆ ಕಳೆಯುತ್ತಿತ್ತು. ನೃತ್ಯದ ಪಾಠ, ಪಿಟೀಲಿನ ಪಾಠ, ಭಾಷಣಕಲೆಯ ಪಾಠ ಬೇರೆ. ಈ ಹುಚ್ಚು ಸುಮಾರು ಮೂರು ತಿಂಗಳಲ್ಲಿ ಇಳಿಯಿತು. ಆದರೆ ಅಚ್ಚುಕಟ್ಟಾಗಿ ಉಡುವ ಅಭ್ಯಾಸ ಮುಂದೆಯೂ ವರ್ಷಗಟ್ಟಲೆ ಉಳಿದುಕೊಂಡಿತು.

ಬ್ಯಾರಿಸ್ಟರ್ ಆಗಿ 1891ರಲ್ಲಿ ತಾಯ್ನಾಡಿಗೆ ಮರಳಿದ ಗಾಂಧಿಗೆ ಬೊಂಬಾಯಿಯಲ್ಲಿ ಕಕ್ಷಿದಾರರು ಸಿಗಲಿಲ್ಲ. ಹೆಸರಾಂತ ಪ್ರೌಢಶಾಲೆಯೊಂದಕ್ಕೆ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸಲು ಅಧ್ಯಾಪಕರು ಬೇಕಾಗಿದ್ದಾರೆ, ಸಂಬಳ 75 ರೂಪಾಯಿ ಎಂಬ ಜಾಹೀರಾತು ಅವರ ಕಣ್ಣಿಗೆ ಬಿತ್ತು. ಅರ್ಜಿ ಹಾಕಿದರು, ಸಂದರ್ಶನದ ಕರೆಯೂ ಬಂತು. ಉತ್ಸಾಹದಿಂದಲೇ ಹೋದರು. ಮುಖ್ಯಸ್ಥರು ಕೇಳಿದ್ದು ಪದವಿ ಇದೆಯೇ ಎಂದು. ವಿಶ್ವವಿದ್ಯಾಲಯದ ಪದವಿ ಅವರಲ್ಲಿರಲಿಲ್ಲ. ಲಂಡನ್ನಿನ ಮೆಟ್ರಿಕ್ಯುಲೇಷನ್ ಆಗಿದೆ, ಲ್ಯಾಟಿನ್ ಓದಿದ್ದೇನೆ ಎಂದರೂ ಪ್ರಯೋಜನವಾಗಲಿಲ್ಲ. ಬಾಂಡ್ ಸ್ಟ್ರೀಟಿನಲ್ಲಿ ಕಲಿತ ಪಾಠ ಯಾವುದೂ ಅಲ್ಲಿ ನೆರವಿಗೆ ಬರಲಿಲ್ಲ. ಉಡುಪಿನಿಂದಲೇ ಕೆಲಸ ಸಿಕ್ಕಿಬಿಡುತ್ತದೆ ಎಂದು ಹೇಳಿಕೊಡುವ ಇಂದಿನ ತರಬೇತುದಾರರು ಈ ಪ್ರಸಂಗವನ್ನೊಮ್ಮೆ ಓದಬೇಕು.

ಇನ್ನೂ ಸ್ವಾರಸ್ಯದ ಘಟನೆ ನಡೆದದ್ದು 1893ರಲ್ಲಿ, ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ. ಉದ್ದನೆಯ ಕೋಟು ತೊಟ್ಟು, ತಲೆಗೆ ಪೇಟ ಸುತ್ತಿ ನ್ಯಾಯಾಲಯಕ್ಕೆ ಹೋದ ಗಾಂಧಿಯನ್ನು ಮ್ಯಾಜಿಸ್ಟ್ರೇಟರು ದಿಟ್ಟಿಸಿ ನೋಡಿದರು. ಪೇಟ ತೆಗೆಯಲು ಹೇಳಿದರು. ಗಾಂಧಿ ಒಪ್ಪದೆ ಹೊರನಡೆದರು. ಈ ತಂಟೆಯೇ ಬೇಡ, ಇಂಗ್ಲಿಷ್ ಟೊಪ್ಪಿಗೆ ಹಾಕಿಬಿಡೋಣ ಎಂದು ಒಮ್ಮೆ ಅವರಿಗೆ ಅನ್ನಿಸಿತ್ತು. ಅವರನ್ನು ಕರೆಸಿಕೊಂಡಿದ್ದ ವರ್ತಕ ಅಬ್ದುಲ್ಲಾ ಸೇಠರು ಅದನ್ನು ತಡೆದರು. ನೀವು ಹಾಗೆ ಮಾಡಿದರೆ ಪೇಟಕ್ಕಾಗಿ ಹಟ ಹಿಡಿದವರ ಕೈ ಸೋಲುತ್ತದೆ ಎಂದದ್ದಲ್ಲದೆ, ಆ ಟೊಪ್ಪಿಗೆಯಲ್ಲಿ ಜನ ನಿಮ್ಮನ್ನು ಹೋಟೆಲಿನ ಮಾಣಿ ಎಂದುಕೊಂಡಾರು ಎಂದರು! ಅಲ್ಲಿ ಇಂಗ್ಲಿಷ್ ಟೊಪ್ಪಿಗೆ ಹಾಕುತ್ತಿದ್ದ ಭಾರತೀಯರಲ್ಲಿ ಹೋಟೆಲ್ ಕೆಲಸದವರಿದ್ದರು. ಲಂಡನ್ನಿನಲ್ಲಿ ದೊಡ್ಡಸ್ತಿಕೆಯ ಗುರುತಾಗಿದ್ದದ್ದು ಡರ್ಬನ್ನಿನಲ್ಲಿ ಭಾರತೀಯನ ತಲೆಯ ಮೇಲೆ ಬೇರೆಯೇ ಅರ್ಥ ಕೊಡುತ್ತಿತ್ತು. ಮರುವರ್ಷ ವಕೀಲರಾಗಿ ಪ್ರಮಾಣ ಸ್ವೀಕರಿಸಿದ ಮೇಲೆ ಮುಖ್ಯ ನ್ಯಾಯಾಧೀಶರು ಸೂಚಿಸಿದಾಗ ಗಾಂಧಿ ಪೇಟವನ್ನು ತೆಗೆದರು. ಸ್ನೇಹಿತರಿಗೆ ಇದು ಹಿಡಿಸಲಿಲ್ಲ. ಇದಕ್ಕಿಂತ ದೊಡ್ಡ ಹೋರಾಟಗಳಿಗೆ ಶಕ್ತಿ ಉಳಿಸಿಕೊಳ್ಳಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು.

ಅಂದರೆ, ಉಡುಪಿಗೆ ಸ್ವಂತ ಅರ್ಥವೆಂಬುದಿಲ್ಲ. ಅಧಿಕಾರದಲ್ಲಿರುವವರು ಉಟ್ಟದ್ದು ಯೋಗ್ಯತೆಯ ಗುರುತಾಗುತ್ತದೆ. ಇದನ್ನು ನೋಡಲು ಆಫ್ರಿಕದವರೆಗೆ ಹೋಗಬೇಕಿಲ್ಲ. ಹಳೆಯ ಮೈಸೂರಿನ ಶಾಲೆ, ಕಾಲೇಜು, ಕಚೇರಿಗಳ ಗೋಡೆಯ ಮೇಲಿನ ಚಿತ್ರಪಟಗಳನ್ನು ಗಮನಿಸಿ. ಜರಿಯಂಚಿನ ಪೇಟ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಕೆಳಗೆ ಕಚ್ಚೆಪಂಚೆ, ಕಾಲಿಗೆ ಬೂಟು. ಅರ್ಧ ಅರಮನೆಯದು, ಅರ್ಧ ಆಂಗ್ಲರದು! 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಸೂಟಿನ ಮೇಲೆ ಮೈಸೂರು ಪೇಟ ಧರಿಸುತ್ತಿದ್ದರು. ಇಳಿವಯಸ್ಸಿನಲ್ಲೂ ಅವರ ಉಡುಪಿನ ಅಚ್ಚುಕಟ್ಟು ಮಾಸಲಿಲ್ಲ. ಸಿ.ವಿ. ರಾಮನ್ 1930ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಲು ಸ್ಟಾಕ್‌ಹೋಮಿಗೆ ಹೋದಾಗಲೂ ತಲೆಯ ಮೇಲೆ ಪೇಟವಿತ್ತು.

ಕಾಲ ಉರುಳಿತು. ಪೇಟ ಸನ್ಮಾನ ಸಮಾರಂಭಗಳಿಗೆ ಸೇರಿತು, ಪಂಚೆ ಮನೆಗೆ ಸೇರಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯಮ ಬೆಳೆದಂತೆ ಬಸ್ಸಿನ ನೂಕುನುಗ್ಗಲಿನಲ್ಲೂ ಟೈ ಕಾಣಿಸತೊಡಗಿತು. ಆ ಟೈ ಕೂಡ ಸ್ಥಿರವಾಗಿ ನಿಲ್ಲಲಿಲ್ಲ. 2015ರಲ್ಲಿ ಇನ್ಫೋಸಿಸ್ ಸಂಸ್ಥೆಯೇ ವಾರದ ಎಲ್ಲ ದಿನವೂ ಸಾದಾ ಉಡುಪಿಗೆ ಅನುಮತಿ ನೀಡಿತು. ಇತ್ತ 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಬಾಗಿಲಲ್ಲೇ ತಡೆಯಲಾಯಿತು. ಪ್ರತಿಭಟನೆ ಎದ್ದಿತು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಬೇಕಾಯಿತು. ನೂರು ವರ್ಷಗಳ ಹಿಂದೆ ಹಳೆಯ ಮೈಸೂರಿನ ಕಚೇರಿಯಲ್ಲಿ ಕೋಟಿನ ಕೆಳಗೆ ಮರ್ಯಾದೆಯಿಂದ ನಿಂತಿದ್ದ ಬಟ್ಟೆಯದು.

ಉದ್ಯೋಗ ನೀಡುವವರ ಕಣ್ಣು ಹೀಗೆ ಕಾಲಕ್ಕೆ ತಕ್ಕಂತೆ ಹೊರಳುವುದಾದರೆ, ಆ ಕಣ್ಣಿಗೆ ಎಷ್ಟು ಅಂಕ ಕೊಡಬೇಕು? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಮೊದಲ ದೊಡ್ಡ ಮೊಕದ್ದಮೆಗಳಲ್ಲಿ ಒಂದು ನಮ್ಮದೇ ಮೈಸೂರು ರಾಜ್ಯದ್ದು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನ ನಡೆಸಿ ವ್ಯಕ್ತಿತ್ವಕ್ಕೂ ಅಂಕ ನೀಡುವ ಸರ್ಕಾರದ ಕ್ರಮವನ್ನು 1964ರ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. 1981ರ ವೇಳೆಗೆ ಧೋರಣೆ ಬಿಗಿಯಾಯಿತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಟ್ಟು ಅಂಕಗಳ ಮೂರನೇ ಒಂದು ಪಾಲು ಸಂದರ್ಶನಕ್ಕೆ ಮೀಸಲಾಗಿತ್ತು. ಒಬ್ಬೊಬ್ಬರಿಗೆ ಸಿಕ್ಕಿದ್ದು ಎರಡು ಮೂರು ನಿಮಿಷ, ಕೇಳಿದ್ದು ತಂದೆ ಯಾರು, ಊರು ಯಾವುದು ಎಂಬಂಥ ಪ್ರಶ್ನೆ ಎಂದು ವಿದ್ಯಾರ್ಥಿಗಳು ದೂರಿದರು. ಸಂದರ್ಶನದ ಪಾಲು ಶೇ 15 ಮೀರಿದರೆ ಅದು ನಿರಂಕುಶ ಎಂದು ಅಜಯ್ ಹಾಸಿಯಾ ತೀರ್ಪು ಹೇಳಿತು. ಹರಿಯಾಣದ ಸಿವಿಲ್ ಸೇವೆಯ ನೇಮಕದ ಬಗ್ಗೆ 1985ರಲ್ಲಿ ಬಂದ ತೀರ್ಪು ಈ ಪಾಲನ್ನು ಶೇ 12.2ಕ್ಕೆ ಇಳಿಸಲು ಸೂಚಿಸಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಹಳ್ಳಿಯಿಂದ ಬಂದ, ಒಂದೇ ಜೊತೆ ಒಳ್ಳೆಯ ಬಟ್ಟೆಯಿರುವ ಹುಡುಗನಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಸಂದರ್ಶನ ಉಳಿದಿರುವ ಕಡೆಗೆ ಹೋಗಲೇಬೇಕಲ್ಲ. ಆಗ ಸಾಲ ಮಾಡಿ ಸೂಟು ಹೊಲಿಸುವ ಅಗತ್ಯ ಖಂಡಿತ ಇಲ್ಲ. ಹಾಸ್ಟೆಲುಗಳಲ್ಲಿ ಒಂದೇ ಕೋಟು ಮೂವರ ಸಂದರ್ಶನಕ್ಕೆ ಹೋಗಿಬರುವುದುಂಟು. ಭುಜ ಇಳಿಬಿದ್ದ ಕೋಟಿಗಿಂತ ಮೈಗೆ ಸರಿಯಾಗಿ ಕೂತ ಅಂಗಿ ಮೇಲು. ತಿಳಿ ಬಣ್ಣದ, ಒಗೆದು ಇಸ್ತ್ರಿ ಮಾಡಿದ ಅಂಗಿಯನ್ನು ಆಕ್ಷೇಪಿಸುವ ಮಂಡಳಿ ಅಪರೂಪ. ಸೀರೆಯೇ ಆಗಬೇಕೆಂದು ರೂಢಿಯಿಲ್ಲದ ಹುಡುಗಿಯರು ಹಟ ಹಿಡಿಯುವುದು ಬೇಡ. ಸೆರಗಿನ ಮೇಲೆ ಗಮನವಿದ್ದರೆ ಪ್ರಶ್ನೆ ಕಿವಿಗೆ ಬೀಳುವುದಿಲ್ಲ. ಸಲ್ವಾರ್ ಕಮೀಜ್ ಸಾಕು. ಬಟ್ಟೆಯನ್ನು ನಿಂತು ನೋಡಿದರೆ ಸಾಲದು, ಕುಳಿತೂ ನೋಡಬೇಕು. ಸಂದರ್ಶನ ನಡೆಯುವುದು ಕುಳಿತೇ. ಹೊಸ ಬೂಟು ಕಚ್ಚುತ್ತದೆ, ನಾಲ್ಕು ದಿನ ಮೊದಲೇ ಹಾಕಿ ಓಡಾಡಿ. ಕುಂಕುಮ, ವಿಭೂತಿ ಇಡುವ ಅಭ್ಯಾಸವಿದ್ದವರು ಅಳಿಸಿಕೊಂಡು ಹೋಗಬೇಕಿಲ್ಲ.

ದೂರದ ಊರಿನಿಂದ ರಾತ್ರಿ ಬಸ್ಸಿನಲ್ಲಿ ಬರುವವರು ಸಂದರ್ಶನದ ಬಟ್ಟೆಯನ್ನು ಉಟ್ಟು ಬರಬಾರದು. ಮಡಿಸಿ, ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಚೀಲದಲ್ಲಿ ಅಂಕಪಟ್ಟಿಗಳ ಮೇಲೆ ಇಟ್ಟುಕೊಂಡರೆ ಗೆರೆ ಮುರಿಯುವುದಿಲ್ಲ. ಬಸ್ ನಿಲ್ದಾಣದಲ್ಲಿ ಮುಖ ತೊಳೆದು ಬಟ್ಟೆ ಬದಲಿಸಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ಲೆಕ್ಕ ಹಾಕಿಯೇ ಊರಿನಲ್ಲಿ ಬಸ್ಸು ಹತ್ತಿ.