ಮಗು ಕೆಲಸ ಮುಗಿಸುವ ತನಕ

ಮಕ್ಕಳೇ, ನಿಮ್ಮ ಮನೆಯಲ್ಲಿ ಆಂಡ್ರಾಯ್ಡ್ ಫೋನ್ ಇದೆಯಾ? ಅದರಲ್ಲಿರುವ ಆಟದ ಆಪ್, ಕ್ಯಾಮೆರಾ, ಹಾಡು ಕೇಳಿಸುವ ಆಪ್ ಎಲ್ಲವೂ ಒಂದೇ ತಾಯಿಯ ಮಕ್ಕಳು. ಆ ತಾಯಿಯ ಹೆಸರು ಝೈಗೋಟ್. ಫೋನ್ ಆನ್ ಆಗುವಾಗಲೇ ಅದು ಎದ್ದು ಸಿದ್ಧವಾಗಿರುತ್ತದೆ. ನೀವು ಒಂದು ಆಪ್ ಒತ್ತಿದ ಕೂಡಲೇ ತನ್ನದೇ ಒಂದು ಪ್ರತಿ ಮಾಡುತ್ತದೆ. ಆ ಪ್ರತಿಯೇ ನಿಮ್ಮ ಆಪ್ ಆಗುತ್ತದೆ.

ಓಡುತ್ತಿರುವ ಪ್ರೋಗ್ರಾಮಿಗೆ ಪ್ರೊಸೆಸ್ ಎನ್ನುತ್ತಾರೆ. ಪ್ರೊಸೆಸ್ ತನ್ನ ಪ್ರತಿ ಮಾಡಿಕೊಳ್ಳುವ ಉಪಾಯಕ್ಕೆ ಫೋರ್ಕ್ ಎಂದು ಹೆಸರು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟತೊಡಗಿದ ಯೂನಿಕ್ಸ್ ಎಂಬ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ಮೂಲಕ ಅದು ಬೆಳೆದು ಬಂತು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಹೊರತಂದ ಲಿನಕ್ಸ್ ಕೂಡ ಅದೇ ದಾರಿ ಹಿಡಿಯಿತು. ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಮೇಲೆಯೇ.

ಫೋರ್ಕ್‌ನಲ್ಲಿ ನನಗೆ ತುಂಬ ಇಷ್ಟವಾಗುವ ಸಂಗತಿ ಒಂದಿದೆ. ಅದನ್ನು ಕರೆಯುವುದು ಒಂದೇ ಸಲ, ಆದರೆ ಉತ್ತರ ಎರಡು ಕಡೆ ಬರುತ್ತದೆ. ತಾಯಿಗೆ ಮಗುವಿನ ಪ್ರೊಸೆಸ್ ನಂಬರ್ ಸಿಗುತ್ತದೆ, ಮಗುವಿಗೆ ಸೊನ್ನೆ ಸಿಗುತ್ತದೆ. ಅಚ್ಚು ಒಂದೇ ಆದ ಇಬ್ಬರಲ್ಲಿ ತಾನು ಯಾರು ಎಂದು ಪ್ರತಿಯೊಬ್ಬರಿಗೂ ತಿಳಿಯುವುದು ಆ ಉತ್ತರದಿಂದ.

ಈಗ ಸ್ಕ್ರಿಪ್ಟ್ ವಿಷಯಕ್ಕೆ ಬರೋಣ. ಕಂಪ್ಯೂಟರಿಗೆ ಹೇಳಬೇಕಾದ ಕೆಲಸಗಳನ್ನು ಸಾಲುಸಾಲಾಗಿ ಬರೆದಿಟ್ಟ ಫೈಲೇ ಸ್ಕ್ರಿಪ್ಟ್. ಅದನ್ನು ಓಡಿಸುವ ಪ್ರೊಸೆಸ್ ಇಲ್ಲಿ ತಾಯಿ, ಅದು ಹೊರಡಿಸುವ ಕೆಲಸಗಳು ಮಕ್ಕಳು. ಲಿನಕ್ಸ್‌ನಲ್ಲಿ ಸ್ಲೀಪ್ ಎಂಬ ಪುಟ್ಟ ಆಜ್ಞೆ ಇದೆ. ಹೇಳಿದಷ್ಟು ಸೆಕೆಂಡ್ ಸುಮ್ಮನಿರುವುದೇ ಅದರ ಕೆಲಸ. ಒಂದರ ಕೆಳಗೊಂದು ಸ್ಲೀಪ್ 10, ಸ್ಲೀಪ್ 6, ಸ್ಲೀಪ್ 3 ಎಂದು ಬರೆದು ಓಡಿಸಿದರೆ 19 ಸೆಕೆಂಡ್ ಹಿಡಿಯುತ್ತದೆ. ಪ್ರತಿ ಸಾಲಿನ ಕೊನೆಗೆ & ಚಿಹ್ನೆ ಹಾಕಿ, ಕೊನೆಯಲ್ಲಿ ವೇಯ್ಟ್ ಎಂದು ಬರೆಯಿರಿ. ಈಗ ಮೂರು ಮಕ್ಕಳೂ ಒಟ್ಟಿಗೆ ಹೊರಡುತ್ತವೆ, 10 ಸೆಕೆಂಡಿಗೆ ಎಲ್ಲ ಮುಗಿಯುತ್ತದೆ!

ಆ ವೇಯ್ಟ್ ಬಿಟ್ಟುಬಿಟ್ಟರೆ? ತಾಯಿ ಕಾಯದೆ ಮುಂದಿನ ಸಾಲಿಗೆ ಹೋಗುತ್ತದೆ. ಅಮ್ಮ ನಿಮ್ಮನ್ನು ಕರಿಬೇವು ತರಲು ಕಳಿಸಿ, ನೀವು ಬರುವ ಮೊದಲೇ ಒಗ್ಗರಣೆ ಹಾಕಿಬಿಟ್ಟ ಹಾಗೆ. ಶಾಲೆಯ ವಾರ್ಷಿಕೋತ್ಸವದ ಫೋಟೋಗಳನ್ನು ಚಿಕ್ಕದು ಮಾಡಿ ಆಲ್ಬಮ್ ಜೋಡಿಸುವ ಸ್ಕ್ರಿಪ್ಟ್ ಇದೆ ಎಂದುಕೊಳ್ಳಿ. ಕಾಯದಿದ್ದರೆ ಅರ್ಧ ಫೋಟೋಗಳಿಲ್ಲದೆಯೇ ಆಲ್ಬಮ್ ತಯಾರಾಗಬಹುದು.

ಕೆಲಸ ಮುಗಿಸಿದ ಮಗು ಹೋಗುವ ಮುನ್ನ ಒಂದು ಅಂಕಿ ಬಿಟ್ಟುಹೋಗುತ್ತದೆ. ಸೊನ್ನೆ ಎಂದರೆ ಕೆಲಸ ಸರಿಯಾಗಿ ಆಯಿತು. ಬೇರೆ ಅಂಕಿಯಿದ್ದರೆ ಸಾಮಾನ್ಯವಾಗಿ ಏನೋ ಎಡವಟ್ಟಾಗಿದೆ ಎಂದರ್ಥ. ತಾಯಿ ಬಂದು ಆ ಅಂಕಿ ಕೇಳಿ ತೆಗೆದುಕೊಳ್ಳುವವರೆಗೆ ಮಗುವಿನ ಹೆಸರು ಪ್ರೊಸೆಸ್‌ಗಳ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. ಇಂಥದ್ದಕ್ಕೆ ಝಾಂಬಿ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ, ಅದು ಯಾರಿಗೂ ಏನೂ ಮಾಡದು. ಅದು ಓಡುತ್ತಿಲ್ಲ, ಪಟ್ಟಿಯಲ್ಲಿ ಒಂದು ಸಾಲು ಹಿಡಿದುಕೊಂಡಿದೆ ಅಷ್ಟೇ. ಆದರೆ ಆ ಸಾಲುಗಳಿಗೂ ಮಿತಿಯಿದೆ. ಲಿನಕ್ಸ್‌ನಲ್ಲಿ ಪ್ರೊಸೆಸ್ ನಂಬರುಗಳ ಹಳೆಯ ಮಿತಿ 32,768. ಝಾಂಬಿಗಳೇ ತುಂಬಿಕೊಂಡರೆ ಹೊಸ ಪ್ರೊಸೆಸ್‌ಗೆ ಜಾಗವೇ ಇರುವುದಿಲ್ಲ. ಝಾಂಬಿ ಈಗಾಗಲೇ ಸತ್ತಿರುವುದರಿಂದ ಅದನ್ನು ಕೊಲ್ಲಲೂ ಆಗದು.

ತಾಯಿಯೇ ಮೊದಲು ಮುಗಿದುಹೋದರೆ ಮಕ್ಕಳ ಗತಿ? ಅದಕ್ಕೂ ಏರ್ಪಾಡಿದೆ. ಕಂಪ್ಯೂಟರ್ ಶುರುವಾದಾಗ ಎಲ್ಲಕ್ಕಿಂತ ಮೊದಲು ಹುಟ್ಟುವ 1ನೇ ನಂಬರಿನ ಪ್ರೊಸೆಸ್ ಸಾಮಾನ್ಯವಾಗಿ ಆ ತಬ್ಬಲಿಗಳನ್ನು ತನ್ನ ಮಕ್ಕಳನ್ನಾಗಿ ಮಾಡಿಕೊಂಡು, ಅವು ಮುಗಿದಾಗ ಅಂಕಿ ಕೇಳಿ ಪಟ್ಟಿಯಿಂದ ಹೆಸರು ತೆಗೆಸುತ್ತದೆ.

ಇನ್ನೊಂದು ವಿಷಯ ದೊಡ್ಡವರೂ ಮರೆಯುತ್ತಾರೆ, ಅದಕ್ಕೇ ಒತ್ತಿ ಹೇಳುತ್ತೇನೆ. ಲಿನಕ್ಸ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಬ್ಯಾಶ್ ಎಂಬ ಪ್ರೋಗ್ರಾಮಿನಲ್ಲಿ ಬರಿದೇ ವೇಯ್ಟ್ ಎಂದರೆ ಅದು ಎಲ್ಲ ಮಕ್ಕಳಿಗೂ ಕಾಯುತ್ತದೆ ನಿಜ, ಆದರೆ ಯಾವ ಮಗು ಸೋತಿದ್ದರೂ ಕೊನೆಗೆ ಸೊನ್ನೆಯನ್ನೇ ಹೇಳುತ್ತದೆ. ಎಲ್ಲ ಸರಿಯಾಗಿದೆ ಎಂದು ನಾವು ನಂಬಿಬಿಡುತ್ತೇವೆ. ಆದ್ದರಿಂದ ಪ್ರತಿ ಮಗು ಹೊರಟ ಕೂಡಲೇ $! ಚಿಹ್ನೆಯಿಂದ ಅದರ ನಂಬರ್ ಬರೆದಿಟ್ಟುಕೊಳ್ಳಬೇಕು. ಆಮೇಲೆ ಒಂದೊಂದೇ ನಂಬರ್ ಹೇಳಿ ವೇಯ್ಟ್ ಮಾಡಬೇಕು. ಪ್ರತಿ ಸಲವೂ $? ಚಿಹ್ನೆಯಲ್ಲಿ ಆ ಮಗುವಿನ ಅಂಕಿ ಸಿಗುತ್ತದೆ.

ಬೇಕಾದರೆ ಹೀಗೆ ಮಾಡಿ ನೋಡಿ. ಒಂದು ಸ್ಲೀಪ್‌ಗೆ 6 ಎಂದು ಕೊಡುವ ಬದಲು ನಿಮ್ಮ ಹೆಸರನ್ನು ಕೊಡಿ. ಹೆಸರಿನಷ್ಟು ಸೆಕೆಂಡ್ ಮಲಗುವುದು ಹೇಗೆಂದು ಅದಕ್ಕೆ ತಿಳಿಯದು, ದೂರು ಹೇಳಿ ತಕ್ಷಣ ನಿಂತುಬಿಡುತ್ತದೆ. ಅದರ ನಂಬರ್ ಹಿಡಿದು ವೇಯ್ಟ್ ಮಾಡಿದರೆ $? ತೋರಿಸುವುದು 1. ಉಳಿದ ಇಬ್ಬರ ಉತ್ತರ 0.