ಕೈಗೆ ಬಲ ಬಂತು, ಓದಿಗೂ ಬರಬೇಕು
(ಅಲೀಪುರದಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇವತ್ತು ಒಳ್ಳೆಯ ಅಂಕ ತೆಗೆದ ಮಕ್ಕಳಿಗೆ ಚೆಕ್ಕು ಕೊಟ್ಟಿದ್ದೀರಿ. ಬಹಳ ಸಂತೋಷ. ನಾನು ಅಂಕ ಕಡಿಮೆಯಾದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ತಪ್ಪು ಅವನದಲ್ಲ, ನನ್ನದು.

ಶಾಲೆಗೆ ಸೇರುವ ಮುಂಚೆ ಅವನಿಗೆ ಜ್ವರ, ವಾಂತಿಭೇದಿ ಆಗಿತ್ತು. ಒಂದು ಬೆಳಿಗ್ಗೆ ಬಲಗೈ ಎತ್ತಲು ಆಗಲಿಲ್ಲ. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಡಾಕ್ಟರು ಹೇಳಿದರು. ಕೆಲವು ತಿಂಗಳಲ್ಲಿ ಕೈಗೆ ಬಲ ಬಂತು. ನಾಲ್ಕನೇ ತರಗತಿಯವರೆಗೆ ಚೆನ್ನಾಗಿಯೇ ಓದಿದ. ಆರನೇ ತರಗತಿಯಲ್ಲಿ ನನ್ನ ಕೈಗೆ ಬಂದ. ಬೋರ್ಡಿನ ಮೇಲಿದ್ದದ್ದನ್ನು ಅರ್ಧ ಬರೆದುಕೊಳ್ಳುವಷ್ಟರಲ್ಲಿ ಬೆಲ್ ಆಗುತ್ತಿತ್ತು. ಮೂರು ಕೆಲಸ ಹೇಳಿದರೆ ಒಂದು ಮರೆಯುತ್ತಿದ್ದ. ಬಾಯಲ್ಲಿ ಕೇಳಿದರೆ ಸರಿಯಾದ ಉತ್ತರ, ಪರೀಕ್ಷೆಯಲ್ಲಿ ಖಾಲಿ ಹಾಳೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಅದಕ್ಕೇ ಹೀಗೆ ಎಂದುಕೊಂಡೆ. ಆಮೇಲೆ ಸೋಮಾರಿ ಎಂದು ಬೈದೆ. ಅವನ ತಾಯಿ ಬಂದು, "ಮಾಸ್ಟರ್ ಸಾಬ್, ಚಿಕ್ಕಂದಿನಲ್ಲಿ ಇವನಿಗೆ ಹೀಗಾಗಿತ್ತು" ಎಂದರು. "ಅದು ಯಾವತ್ತೋ ವಾಸಿಯಾಯಿತಲ್ಲಮ್ಮ" ಎಂದು ಕಳಿಸಿಬಿಟ್ಟೆ. ಅಂಕ ಇಳಿಯಿತು, ಸಿಗುತ್ತಿದ್ದ ನೆರವು ನಿಂತಿತು. ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟು ಹರಳು ಉಜ್ಜುವ ಕೆಲಸಕ್ಕೆ ಕೂತ.

ನಿವೃತ್ತನಾದ ಮೇಲೆ ಓದಿ, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡೆ. ಪಾರ್ಶ್ವವಾಯು ಮುದುಕರಿಗೆ ಮಾತ್ರ ಬರುವುದಿಲ್ಲ. ಹುಟ್ಟಿದ ಕೂಸಿನಿಂದ ಹಿಡಿದು ಯಾವ ವಯಸ್ಸಿನ ಮಗುವಿಗಾದರೂ ಬರಬಹುದು. ಹುಟ್ಟಿನಿಂದ ಬಂದ ಹೃದಯದ ತೊಂದರೆ, ರಕ್ತದ ಕಾಯಿಲೆಗಳು, ಕಿವಿಯ ಸೋಂಕು ಒಳಗೆ ಹರಡುವುದು, ವಾಂತಿಭೇದಿಯಿಂದ ಮೈಯ ನೀರು ಬತ್ತುವುದು, ಇವೆಲ್ಲ ಕಾರಣಗಳು. ಕಬ್ಬಿಣಾಂಶದ ಕೊರತೆಯೂ ಒಂದು. ಪಾರ್ಶ್ವವಾಯು ಆದ ಎಳೆಯ ಮಕ್ಕಳಲ್ಲಿ ಈ ಕೊರತೆ ಬೇರೆ ಮಕ್ಕಳಿಗಿಂತ ಬಹಳ ಹೆಚ್ಚಾಗಿತ್ತೆಂದು ಕೆನಡಾದ ಟೊರಾಂಟೊ ವೈದ್ಯರು 2007ರಲ್ಲಿ ಪ್ರಕಟಿಸಿದರು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನು ಮಕ್ಕಳು ಬಿಸಾಡದಂತೆ ನೋಡಿಕೊಳ್ಳಿ. ಮಗುವಿನ ಮುಖ ಒಂದು ಕಡೆ ಸೊಟ್ಟಗಾದರೆ, ಕೈಕಾಲು ಒಂದು ಕಡೆ ಸೋತರೆ, ಮಾತು ತೊದಲಿದರೆ, ಮೊದಲ ಸಲ ಫಿಟ್ಸ್ ಬಂದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಎಳೆಯ ಮಿದುಳು ಬೇಗ ಸರಿಹೋಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅರ್ಧ ನಿಜ. ದೊಡ್ಡವರಲ್ಲಿ ಎಡ ಮಿದುಳಿಗೆ ಪೆಟ್ಟಾದರೆ ಮಾತು ಹೋಗಬಹುದು. ಮಕ್ಕಳಲ್ಲಿ ಇನ್ನೊಂದು ಬದಿ ಆ ಕೆಲಸ ವಹಿಸಿಕೊಳ್ಳುವುದುಂಟು. ಹಾಗೆಂದು ಎಲ್ಲವೂ ಸರಿಹೋಗುವುದಿಲ್ಲ. ಅನೇಕ ಮಕ್ಕಳ ಬುದ್ಧಿಮತ್ತೆ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಗಮನ, ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಕೆಲಸದ ವೇಗ, ಯಾವುದು ಮೊದಲು ಯಾವುದು ಆಮೇಲೆ ಎಂದು ಯೋಚಿಸುವುದು, ಇವುಗಳಲ್ಲಿ ಕಷ್ಟ ಉಳಿಯುತ್ತದೆ. ಎರಡನೇ ತರಗತಿಯ ಪಾಠಕ್ಕೆ ಇವು ಅಷ್ಟಾಗಿ ಬೇಕಿಲ್ಲ. ಆರು, ಎಂಟು, ಹತ್ತನೇ ತರಗತಿಗೆ ಬೇಕೇ ಬೇಕು. ಹಾಗಾಗಿ ಆವತ್ತಿನ ಪೆಟ್ಟು ವರ್ಷಗಳ ನಂತರ ಪುಸ್ತಕದ ಮುಂದೆ ಕಾಣಿಸಿಕೊಳ್ಳುತ್ತದೆ. ಫಿಟ್ಸ್ ಮುಂದುವರಿದ ಮಕ್ಕಳಿಗೆ, ಮಿದುಳಿನ ಹೆಚ್ಚು ಭಾಗಕ್ಕೆ ಪೆಟ್ಟಾದ ಮಕ್ಕಳಿಗೆ ಕಷ್ಟ ಹೆಚ್ಚು. ಎಲ್ಲ ಮಕ್ಕಳಿಗೂ ಹೀಗಾಗುತ್ತದೆ ಎಂದು ಹೆದರಬೇಡಿ. ಆಗುತ್ತಿದೆಯೋ ಇಲ್ಲವೋ ಎಂದು ಹುಷಾರಾಗಿ ನೋಡುತ್ತಿರಬೇಕು, ಅಷ್ಟೆ.

ತಂದೆತಾಯಂದಿರಲ್ಲಿ ಮೂರು ಮಾತು. ಒಂದು, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ಎಲ್ಲ ಒಂದು ಫೈಲಿನಲ್ಲಿಡಿ. ಶಾಲೆ ಬದಲಾದಾಗ, ಹೊಸ ಮೇಷ್ಟರು ಬಂದಾಗ ತೋರಿಸಿ. ನಾಚಿಕೆ ಬೇಡ. ಎರಡು, ಕೈ ಸರಿಹೋಯಿತೆಂದು ಬಿಡಬೇಡಿ. ಐದನೇ ತರಗತಿಗೆ ಮುಂಚೆ, ಮತ್ತೆ ಹೈಸ್ಕೂಲಿಗೆ ಮುಂಚೆ ಕಲಿಕೆಯ ಪರೀಕ್ಷೆ ಮಾಡಿಸಿ. ತೊಂಡೇಬಾವಿಯಲ್ಲಿ ರೈಲು ಹತ್ತಿದರೆ ಬೆಂಗಳೂರು, ಅಲ್ಲಿ ನಿಮ್ಹಾನ್ಸ್ ಇದೆ. ಮಗು ಯಾವ ಭಾಷೆಯಲ್ಲಿ ಚೆನ್ನಾಗಿ ಮಾತಾಡುತ್ತದೋ ಅದರಲ್ಲೇ ಪರೀಕ್ಷೆ ಮಾಡಿ ಎಂದು ಕೇಳಿ. ಇಲ್ಲದಿದ್ದರೆ ಭಾಷೆಯ ತೊಡಕು ಯಾವುದು, ಮಿದುಳಿನ ತೊಡಕು ಯಾವುದು ಎಂದು ನನ್ನ ಹಾಗೆ ಗೊಂದಲವಾಗುತ್ತದೆ. ಮೂರು, ಕಾನೂನು ನಿಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ, ದೀರ್ಘಕಾಲದ ನರ ಸಂಬಂಧಿ ತೊಂದರೆಯೂ ಸೇರಿವೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಬೇಕಾದರೆ ಒಂಬತ್ತನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಕಾಗದಪತ್ರ ಆಗುವುದಿಲ್ಲ.

ಶಿಕ್ಷಕರಿಗೆ ಖರ್ಚಿಲ್ಲದ ಕೆಲಸ ಹೇಳುತ್ತೇನೆ. ಅಂಥ ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ನೋಟ್ಸ್ ಜೆರಾಕ್ಸ್ ಕೊಡಿ. ಸುಸ್ತಾದರೆ ಐದು ನಿಮಿಷ ಬಿಡಿ.

ಇನ್ನು ದಾನಿಗಳಲ್ಲಿ, ಟ್ರಸ್ಟಿನವರಲ್ಲಿ ಒಂದು ವಿನಂತಿ. ಈ ವರ್ಷದ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: ಮಗುವಿಗೆ ಹಿಂದೆ ಮಿದುಳಿನ ಕಾಯಿಲೆ, ಪೆಟ್ಟು, ಫಿಟ್ಸ್ ಏನಾದರೂ ಆಗಿತ್ತೇ? ಆಗಿದ್ದರೆ ಅಂಕ ಇಳಿಯಿತೆಂದು ನೆರವು ನಿಲ್ಲಿಸಬೇಡಿ, ಯಾಕೆ ಇಳಿಯಿತೆಂದು ಕೇಳಿ. ಪರೀಕ್ಷೆ ಮಾಡಿಸಲು ಬೆಂಗಳೂರಿಗೆ ಹೋಗಿಬರುವ ಖರ್ಚು, ಆ ದಿನದ ಕೂಲಿ, ಇಷ್ಟು ಕೊಟ್ಟರೂ ಒಂದು ಮಗು ಶಾಲೆಯಲ್ಲಿ ಉಳಿಯುತ್ತದೆ.

ಹರಳಿನ ಕೆಲಸ ಬಲ್ಲವರು ಇಲ್ಲಿ ಬಹಳ ಜನ ಇದ್ದೀರಿ. ಸಾಣೆಗೆ ಹಿಡಿದಾಗ ಒಳಗೊಂದು ಗೆರೆ ಕಂಡರೆ ನೀವು ಕಲ್ಲನ್ನು ಎಸೆಯುವುದಿಲ್ಲ. ತಿರುಗಿಸಿ ನೋಡಿ, ಬೇರೆ ಕೋನದಲ್ಲಿ ಕತ್ತರಿಸುತ್ತೀರಿ. ನಾನು ಆ ಹುಡುಗನಿಗೆ ಅಷ್ಟೂ ಮಾಡಲಿಲ್ಲ. ಮೊನ್ನೆ ಮಸೀದಿಯ ಹತ್ತಿರ ಸಿಕ್ಕಿ, ತನ್ನ ಮಗಳನ್ನು ಒಂದನೇ ತರಗತಿಗೆ ಸೇರಿಸಿದ್ದೇನೆ ಎಂದು ಹೇಳಿ ನನಗೆ ಸಲಾಂ ಮಾಡಿದ. ಆ ಸಲಾಮಿಗೆ ನಾನು ಯೋಗ್ಯನಲ್ಲ ಅನಿಸಿತು. ಅವನಿಗೆ ತಪ್ಪಿಹೋದದ್ದು ಇಲ್ಲಿ ಕೂತಿರುವ ಯಾವ ಮಗುವಿಗೂ ತಪ್ಪದಿರಲಿ. ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ಮಕ್ಕಳ ಓದಿನಲ್ಲಿ ಬರಕತ್ ಕೊಡಲಿ. ಆಮೀನ್.